ಪೈಪೋ ಸಾಕೆಟ್ಟೋ

ದುಃಖ ಬಂದರೆ ಮನುಷ್ಯ ಒಂದು ಮೂಲೆ ಹಿಡಿದು ಕೂರಬಹುದು. ಸಂತೋಷ ಬಂದರೆ ಕೂರಲು ಜಾಗವೇ ಸಿಗುವುದಿಲ್ಲ. ಮೊಮ್ಮಗಳ ಫೋನು ಬಂದ ದಿನ ನಾನು ಕುರ್ಚಿ, ಜಗಲಿ, ಬಾವಿಕಟ್ಟೆ ಎಲ್ಲದರ ಮೇಲೂ ಕೂತು ಎದ್ದೆ. “ಅದೇನ್ರೀ, ಅಂಡು ಸುಟ್ಟ ಬೆಕ್ಕಿನಂಗಾಡ್ತೀರಾ?” ಎಂದಳು ನನ್ನಾಕೆ. ಅವಳಿಗೇನು ಗೊತ್ತು? ಕಾಲೇಜು ಓದುವ ಮೊಮ್ಮಗಳು, ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದ ತಾತನ ಸಲಹೆ ಕೇಳುವುದೆಂದರೆ ಸಾಮಾನ್ಯವೇ?

ನಾವು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು, ತೆಂಗಿನ ತೋಟದವರು. ಮೊಮ್ಮಗಳು ಸಿಂಚನ ಅರಸೀಕೆರೆಯ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಓದುತ್ತಿದ್ದಾಳೆ. ಅವಳು ಫೋನಿನಲ್ಲಿ ಅಂದದ್ದು ಇಷ್ಟೇ: “ತಾತ, ತಲೆ ಕೆಟ್ಟೋಗಿದೆ. ಪೈಪ್ ಹಾಕ್ಲಾ, ಸಾಕೆಟ್ ಹಾಕ್ಲಾ ಗೊತ್ತಾಗ್ತಿಲ್ಲ. ನಾಳೆ ಮಧ್ಯಾಹ್ನ ಮೇಷ್ಟ್ರಿಗೆ ತೋರಿಸ್ಬೇಕು, ಸೊಲ್ಯೂಷನ್ನೇ ಸಿಗ್ತಿಲ್ಲ.”

ಪೈಪು, ಸಾಕೆಟ್ಟು, ಸೊಲ್ಯೂಷನ್ನು. ಇದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದಿದ್ದರೆ ಹೇಳಿ. ಎರಡು ಪೈಪು ಕೂಡಿಸಲು ನಡುವೆ ಸಾಕೆಟ್ಟು ಬೇಕು, ಅಂಟಿಸಲು ಡಬ್ಬಿಯ ಸೊಲ್ಯೂಷನ್ ಬೇಕು. ತೋಟಕ್ಕೆ ನೀರು ಹಾಯಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. “ಎರಡೂ ಬೇಕು ಕಣವ್ವ, ಒಂದು ಬಿಟ್ಟು ಒಂದಿಲ್ಲ. ಸೊಲ್ಯೂಷನ್ ನಮ್ಮನೇಲೇ ಐತೆ, ತಗಂಡು ಬತ್ತೀನಿ” ಎಂದು, ಅವಳು ಬಾಯಿ ತೆರೆಯುವ ಮೊದಲೇ ಫೋನಿಟ್ಟೆ.

ನನ್ನೆತ್ತರದ ಪೈಪು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರು, “ಯಜಮಾನ್ರೇ, ಇದು ಸೀಟಲ್ಲಿ ಕೂರ್ತದಾ, ನಿಂತ್ಕಂಡೇ ಬತ್ತದಾ?” ಎಂದ. ಪೈಪು ನಿಂತೇ ಬಂತು, ಜೊತೆಗೆ ನಾನೂ. ಜಾವಗಲ್ ದಾಟುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ನನ್ನ ಮೊಮ್ಮಗಳ ವಿದ್ಯೆಯ ವಿಚಾರ ಗೊತ್ತಾಗಿತ್ತು.

ಹಾಸ್ಟೆಲಿನ ಜಗಲಿಯಲ್ಲಿ ಪೈಪು ಕಂಡ ಅವಳ ಗೆಳತಿ ನಗಲು ಶುರು ಮಾಡಿದವಳು ಕಂಬ ಹಿಡಿದುಕೊಂಡಳು. ಸಿಂಚನ ನಗಲಿಲ್ಲ. ನನ್ನನ್ನು ಕೂರಿಸಿ ನೀರು ಕೊಟ್ಟು ಬಿಡಿಸಿ ಹೇಳಿದಳು. ಅವಳು ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ ಬರೆದಿದ್ದಾಳಂತೆ. ಒಂದು, ತೊಟ್ಟಿಯ ನೀರು ನೋಡುತ್ತದೆ. ಇನ್ನೊಂದು, ತೊಟ್ಟಿ ತುಂಬಿತು ಎಂದು ಗಂಟೆ ಬಾರಿಸುತ್ತದೆ. ಅವೆರಡೂ ಒಂದರ ಜೊತೆ ಒಂದು ಮಾತಾಡಬೇಕು. ಆ ಮಾತಿನ ದಾರಿಗೇ ಪೈಪು, ಸಾಕೆಟ್ಟು ಎಂದು ಹೆಸರಂತೆ.

“ಪೈಪು ಸುಲಭ ತಾತ, ಈಗ್ಲೇ ಮುಗಿಯುತ್ತೆ. ಆದ್ರೆ ಎರಡೂ ಒಂದೇ ಕಂಪ್ಯೂಟರಲ್ಲಿರಬೇಕು. ಸಾಕೆಟ್ ಆದ್ರೆ ಒಂದು ತೋಟದಲ್ಲಿ, ಒಂದು ಮನೇಲಿ ಇದ್ರೂ ಮಾತಾಡ್ತವೆ. ಅದು ಕಷ್ಟ. ನಾಳೆಯೊಳಗೆ ಆಗದೇ ಹೋದ್ರೆ ಮಾರ್ಕ್ಸೇ ಇಲ್ಲ.”

“ಸುಲಭದ್ದೇ ಹಾಕವ್ವ. ತೋಟದಲ್ಲೇ ಬಡ್ಕಳ್ಳಲಿ ಗಂಟೆ.”

“ಯಾರಿಗೆ ಕೇಳ್ಸೋಕೆ? ನೀನು ತೊಟ್ಟಿ ತುಂಬ್ತೇನೋ ಅಂತ ಅರ್ಧ ಊಟಕ್ಕೆ ಎದ್ದು ಓಡ್ತೀಯಲ್ಲ, ಅದು ನಿಲ್ಲಲಿ ಅಂತ ಅಲ್ವಾ ನಾನು ಇದನ್ನ ಮಾಡ್ತಿರೋದು?”

ನಾನು ಎದ್ದುಬಿಟ್ಟೆ. ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಕಣ್ಣಿಗೆ ಕಸ ಬಿತ್ತು ಎನ್ನಲು ಅಲ್ಲಿ ಗಾಳಿಯೂ ಇರಲಿಲ್ಲ. “ಹೋಗಿ ಬಾ ತಾತ, ಸಾಕೆಟ್ಟೇ ಹಾಕ್ತೀನಿ” ಎಂದು ಅವಳೇ ನನ್ನನ್ನು ಬಸ್ಸು ಹತ್ತಿಸಿದಳು.

ಮರುದಿನ ಅವಳ ಮಾರ್ಕ್ಸಿನ ಚಿಂತೆಯಲ್ಲಿ ಹೊಟ್ಟೆಗೆ ಮುದ್ದೆ ಇಳಿಯಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು. “ಮಾತಾಡಿದ್ವು ತಾತ. ನಾನು ಈ ರೂಮಲ್ಲಿ ತೊಟ್ಟಿ ತುಂಬಿಸ್ದೆ, ಮೇಷ್ಟ್ರು ಕೂತಿದ್ದ ರೂಮಲ್ಲಿ ಗಂಟೆ ಹೊಡೀತು. ಬೆಚ್ಚಿಬಿದ್ರು.”

ಮೈಮೇಲೆ ಅಂಗಿಯಿದೆಯೋ ಇಲ್ಲವೋ ನೋಡದೆ ಬೀದಿಗೆ ಬಂದೆ. ಪೈಪಿಗಿಂತ ಸಾಕೆಟ್ಟು ಹೇಗೆ ಮೇಲು, ಮಾತು ಹೇಗೆ ಆ ಕಡೆಯಿಂದ ಈ ಕಡೆ ಬರುತ್ತದೆ ಎಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಪಾಠ ಮಾಡಿದೆ. ಅದನ್ನು ಆರಿಸಿದ್ದರಲ್ಲಿ ನನ್ನದೂ ಕೈಯಿದೆ ಎಂಬುದನ್ನು ಮರೆಯದೆ ಸೇರಿಸಿದೆ. ಪಕ್ಕದ ತೋಟದ ಬಸಣ್ಣ ಗಂಭೀರವಾಗಿ ಕೇಳಿಸಿಕೊಂಡು, “ಎಲ್ಲಾ ಸರಿ ಕಣಣ್ಣ. ಸಾಕೆಟ್ಟು ಎಷ್ಟಿಂಚಿಂದು?” ಎಂದ.

ಅದಕ್ಕೆ ಇಂಚಿಲ್ಲ ಎಂದರೆ ಮತ್ತೆ ಮೊದಲಿಂದ ಬಿಡಿಸಿ ಹೇಳಬೇಕು. ಅಷ್ಟು ನನಗೂ ಅರ್ಥವಾಗಿರಲಿಲ್ಲ.

“ಎರಡಿಂಚು” ಎಂದೆ.