ಡೀಸೆಲ್ ಪಾಚಿ ಮತ್ತು ನಮ್ಮ ಮಾವನವರು

ಬ್ರಹ್ಮ ನನ್ನ ಹಣೆಬರಹ ಬರೆಯೋ ಹೊತ್ತಿಗೆ ಅವನ ಕೈಗೆ ಡೀಸೆಲ್ ಜಿಡ್ಡು ಹತ್ತಿತ್ತು ಅಂತ ಕಾಣುತ್ತೆ. ಒಂದು ದಿನವಾದರೂ ಸುಮ್ಮನೆ ಕೆಲಸ ಮುಗಿಸಿ ಮನೆಗೆ ಬಂದೆ ಅನ್ನೋ ಹಾಗಿಲ್ಲ. ನಾನು ಹೋಗೋ ಕಡೆಯೆಲ್ಲ ಏನಾದರೊಂದು ನಗೆಪಾಟಲು ನನಗಿಂತ ಮೊದಲೇ ಹೋಗಿ ಕೂತಿರುತ್ತೆ.

ನನ್ನ ಕೆಲಸ ಡೀಸೆಲ್ ಟ್ಯಾಂಕಿನೊಳಗಿನ ಪಾಚಿ ತೆಗೆಯೋದು. ವಿನೋಬನಗರದಲ್ಲಿ ಸಣ್ಣದೊಂದು ಶೆಡ್ಡು. ದಾವಣಗೆರೆಯ ಜನರೇಟರು, ಹರಿಹರದ ಲಾರಿ, ಸುತ್ತಲ ಹಳ್ಳಿಗಳ ಟ್ರ್ಯಾಕ್ಟರು, ಟ್ಯಾಂಕ್ ಎಲ್ಲಿದ್ದರೆ ಅಲ್ಲಿ ನಾನು. ಡೀಸೆಲ್‌ನಲ್ಲಿ ಪಾಚಿಯೇ ಅಂತ ನೀವು ಕೇಳ್ತೀರಿ. ಎಲ್ಲರೂ ಕೇಳ್ತಾರೆ. ಟ್ಯಾಂಕಿನ ತಳದಲ್ಲಿ ಹೇಗೋ ನೀರು ಸೇರಿಕೊಳ್ಳುತ್ತೆ. ಆ ನೀರು ಮತ್ತು ಡೀಸೆಲ್ ಒಂದನ್ನೊಂದು ಮುಟ್ಟೋ ಜಾಗದಲ್ಲಿ ಒಂಥರಾ ಬೂಷ್ಟು ಹುಟ್ಟುತ್ತೆ. ನಾವು ಅದನ್ನ ಪಾಚಿ ಅಂತೀವಿ, ಓದಿದವರು ಬೇರೇನೋ ಹೆಸರು ಹೇಳ್ತಾರೆ. ಅದು ಹಬ್ಬಿ, ಕಪ್ಪಾಗಿ, ಲೋಳೆಯಾಗಿ ಫಿಲ್ಟರ್‌ಗೆ ಅಡರಿಕೊಂಡರೆ ಇಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತೆ. ತಳದ ಬೋಲ್ಟ್ ಬಿಚ್ಚಿ ನೀರು ಬಿಡಬೇಕು, ಮದ್ದು ಹಾಕಬೇಕು, ಸತ್ತದ್ದನ್ನ ತೊಳೆದು ತೆಗೀಬೇಕು. ಇಷ್ಟನ್ನ ನಾನು ಇಡೀ ಊರಿಗೆ ನಂಬಿಸಿದ್ದೇನೆ, ಒಬ್ಬರನ್ನ ಬಿಟ್ಟು. ಆ ಒಬ್ಬರು ನನ್ನ ಹೆಂಡತಿಯ ಅಪ್ಪ.

ಹೆಣ್ಣು ನೋಡೋಕೆ ಹೋದದ್ದು

ಕುಕ್ಕುವಾಡದಲ್ಲಿ ನಮ್ಮ ಮಾವನವರದು ಭತ್ತದ ಗದ್ದೆ, ಸ್ವಂತ ಟ್ರ್ಯಾಕ್ಟರು, ಊರಿನ ಯಾವ ಪಂಚಾಯ್ತಿ ಇದ್ದರೂ ಮುಂದಿನ ಸಾಲಲ್ಲಿ ಕೂರೋ ಮನೆತನ. ಹೆಣ್ಣು ನೋಡೋಕೆ ಹೋದ ದಿನ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು, ಏನು ಕೆಲಸ ಅಂತ ಕೇಳಿದರು. ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಕಿವಿ ಸರಿಯಿಲ್ಲವೇನೋ ಅಂತ ಮತ್ತೊಮ್ಮೆ ಕೇಳಿದರು. ಮತ್ತೆ ಹೇಳಿದೆ.

"ಬಾವ್ಯಾಗಿನ ಪಾಚಿ ಕೇಳೀನಿ, ಕೆರ್ಯಾಗಿನ ಪಾಚಿ ಕೇಳೀನಿ. ಡೀಸೆಲ್ ಕುಡಿದ್ರೆ ಆನೆ ಸಾಯ್ತದೆ. ಅದ್ರಾಗೆ ಪಾಚಿ ಹೆಂಗ್ರಿ ಬದುಕ್ತದೆ?"

ನಾನು ಉಪ್ಪಿಟ್ಟು ಆರೋವರೆಗೂ ವಿವರಿಸಿದೆ. ತಟ್ಟೆಯ ಮೇಲೆ ನೀರು, ಡೀಸೆಲ್ ಅಂತ ಗೆರೆ ಎಳೆದು ತೋರಿಸಿದೆ. ಬಾಗಿಲ ಹಿಂದೆ ಹುಡುಗಿ ನಕ್ಕಳು. ಅವಳು ನಕ್ಕದ್ದರಿಂದಲೇ ಮದುವೆ ಆಯಿತು, ನನ್ನ ವಿವರಣೆಯಿಂದ ಅಲ್ಲ. ಮಗಳ ಮಾತು ಮೀರಲಾರದೆ ಮಾವ ಒಪ್ಪಿದರು. ಆದರೆ ಅಳಿಯ ಪಾಚಿ ತೆಗೀತಾನೆ ಅಂತ ನೆಂಟರ ಮುಂದೆ ಹೇಗೆ ಹೇಳೋದು? ಹುಡುಗ ಡೀಸೆಲ್ ಲೈನ್‌ನಾಗೆ ಅದಾನೆ ಅಂತ ಸುದ್ದಿ ಬಿಟ್ಟರು. ಊರಿಗೆ ಊರೇ ನನ್ನದು ಪೆಟ್ರೋಲ್ ಬಂಕ್ ಅಂದುಕೊಂಡಿತು. ನನ್ನ ಮದುವೆಗೆ ಅರ್ಧ ಜನ ಟ್ರ್ಯಾಕ್ಟರ್‌ನಲ್ಲೇ ಬಂದಿದ್ದರು, ಹೋಗುವಾಗ ಟ್ಯಾಂಕ್ ತುಂಬಿಸಿ ಕಳಿಸ್ತಾರೆ ಅಂತ.

ಅಜ್ಜಿಯ ಶ್ರಾವಣ

ಎಸ್.ಎಸ್. ಬಡಾವಣೆಯ ಒಂದು ಅಪಾರ್ಟ್‌ಮೆಂಟ್. ಕರೆಂಟ್ ಹೋದಾಗ ಜನರೇಟರ್ ಹತ್ತಿಕೊಳ್ಳೋದು, ಕೆಮ್ಮೋದು, ಆರೋದು. ಲಿಫ್ಟ್ ಬಂದ್. ಹೋಗಿ ಮುಚ್ಚಳ ತೆಗೆದರೆ ಒಳಗೆ ಲೋಳೆ ಕೈಗೆ ಸಿಗೋ ಹಾಗೆ ಬೆಳೆದಿತ್ತು. ಅಲ್ಲಿಯ ಸಂಘದವರನ್ನೆಲ್ಲ ಕೂರಿಸಿ ಹೇಳಿದೆ. ನನ್ನ ಬಾಯಿಗೆ ಬೀಗ ಇಲ್ಲ ನೋಡಿ, ಇದಕ್ಕೆ ಜೀವ ಇದೆ, ಮದ್ದು ಹಾಕಿ ಎಲ್ಲವನ್ನೂ ಕೊಲ್ಲಬೇಕು ಅಂದುಬಿಟ್ಟೆ.

ನೆಲಮಹಡಿಯಲ್ಲಿ ಒಬ್ಬ ಅಜ್ಜಿ. ಸಂಘದಲ್ಲಿ ಅವರ ಮಾತೇ ಕಡೇ ಮಾತು. ಅವರು ಜಪದ ಸರ ಕೆಳಗಿಟ್ಟು, ಶ್ರಾವಣ ಮಾಸದಾಗೆ ಯಾವ ಜೀವಾನೂ ಕೊಲ್ಲೋದು ಬ್ಯಾಡ ಅಂದರು. ಸರಿ, ಶ್ರಾವಣ ಮುಗಿಯಲಿ ಅಂತ ಬಂದೆ. ಶ್ರಾವಣ ಮುಗಿದ ಕೂಡಲೇ ಗಣಪತಿ ಕೂತ. ಗಣಪತಿ ಎದುರಿಗೆ ಹತ್ಯೆ ಹೆಂಗೆ ಮಾಡೋದು ಅಂದರು. ಗಣಪತಿ ಎದ್ದು ಹೋದ, ಪಿತೃಪಕ್ಷ ಬಂತು. ಪಿತೃಪಕ್ಷದಾಗೆ ಹೊಸ ಕೆಲಸ ಹಿಡೀಬಾರದಂತೆ. ಇತ್ತ ಮೇಲಿನ ಮಹಡಿಯವರು ಕರೆಂಟ್ ಹೋದಾಗೆಲ್ಲ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿ ಹತ್ತಿ, ಮಂಡಿ ಹಿಡ್ಕೊಂಡು ಶಿವ ಶಿವಾ ಅಂತಿದ್ದರು.

ಕೊನೆಗೆ ನಾಲ್ಕನೇ ಮಹಡಿಯ ಗೃಹಿಣಿಗೆ ಒಂದು ಬುದ್ಧಿ ಹೊಳೀತು. ಅಜ್ಜಿಯನ್ನ ಭಕ್ತಿಯಿಂದ ಹೋಳಿಗೆ ಊಟಕ್ಕೆ ಕರೆದಳು, ಕರೆಂಟ್ ಇಲ್ಲದ ದಿನ ನೋಡಿ. ಅಜ್ಜಿ ಹೋಳಿಗೆ ಆಸೆಗೆ ಹೊರಟೇಬಿಟ್ಟರು. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ನನಗೆ ಅಲ್ಲಿಂದಲೇ ಫೋನ್ ಮಾಡಿಸಿದರು. ಏದುಸಿರಲ್ಲಿ ಅವರಂದದ್ದು ಇಷ್ಟು: "ಒಂದೂ ಉಳಿಸಬ್ಯಾಡ್ರಿ."

ಚಾಚಾನ ಬೀಗ

ಹರಿಹರದಲ್ಲಿ ಒಬ್ಬ ಲಾರಿ ಮಾಲೀಕರಿದ್ದಾರೆ, ನಾವೆಲ್ಲ ಚಾಚಾ ಅಂತೀವಿ. ಅವರ ಲಾರಿಯ ಡೀಸೆಲ್ ಟ್ಯಾಂಕಿಗೆ ಅಂಗೈ ಅಗಲದ ಬೀಗ. ಕೀಲಿ ಚಾಚಿಯ ಸೊಂಟದಲ್ಲಿ. ಟ್ರಿಪ್‌ಗೆ ಎಷ್ಟು ಬೇಕೋ ಅಷ್ಟೇ ಡೀಸೆಲ್, ಒಂದು ಹನಿ ಹೆಚ್ಚಿಲ್ಲ. ಖಾಲಿ ಟ್ಯಾಂಕ್ ತಂಪು ಹೊತ್ತಿನಲ್ಲಿ ಒಳಗೊಳಗೇ ಬೆವರುತ್ತೆ, ಆ ಬೆವರೇ ಹನಿಹನಿಯಾಗಿ ತಳಕ್ಕಿಳಿದು ನೀರಾಗುತ್ತೆ. ಅಲ್ಲಿ ಪಾಚಿ ಬೆಳೆಯದೆ ಇನ್ನೇನು ಮಲ್ಲಿಗೆ ಬೆಳೀತದಾ?

ನಾನು ಟ್ಯಾಂಕ್ ಇಳಿಸಿ ತೊಳೀತಿದ್ದೆ. ಚಾಚಾ, ಚಾಚಿ, ಲಾರಿ ಡ್ರೈವರ್ ಮೂವರೂ ಸುತ್ತ ನಿಂತಿದ್ದರು. ಡ್ರೈವರ್ ಬೇರೆ ಯಾರೂ ಅಲ್ಲ, ಚಾಚಿಯ ಖಾಸಾ ತಮ್ಮ. ಚಾಚಿ ಕೇಳಿದರು: "ಬೇಟಾ, ಬೀಗ ಹಾಕಿದ್ರೂ ಪಾಚಿ ಹೆಂಗೆ ಒಳಗೆ ಹೋಯ್ತು?"

ಚಾಚಾ ನನ್ನ ಕಡೆ ಕಣ್ಣು ಕಣ್ಣು ಬಿಟ್ಟರು. ಆಗ ಹೊಳೀತು. ನಿನ್ನ ತಮ್ಮ ಡೀಸೆಲ್ ಕದೀತಾನೆ ಅಂತ ಹೇಳೋ ಧೈರ್ಯ ಇಲ್ಲದೆ, ಪಾಚಿ ಒಳಗೆ ಹೋಗದಿರಲಿ ಅಂತ ಬೀಗ ಹಾಕಿದೀನಿ ಅಂತ ಹೆಂಡತಿಗೆ ಹೇಳಿಕೊಂಡು ಬಂದಿದ್ದಾರೆ ಪುಣ್ಯಾತ್ಮ. ಹೊಳೀತೇನೋ ನಿಜ, ಆದರೆ ನನ್ನ ಬಾಯಿ ಅಷ್ಟರಲ್ಲಿ ಕೆಲಸ ಮುಗಿಸಿತ್ತು. ಪಾಚಿಗೂ ಬೀಗಕ್ಕೂ ಸಂಬಂಧವೇ ಇಲ್ಲ ಚಾಚಿ, ಟ್ಯಾಂಕ್ ಯಾವಾಗಲೂ ತುಂಬಿಸಿಟ್ಟರೆ ಸಾಕು ಅಂದಿದ್ದೆ. ಚಾಚಿ ಆ ಕ್ಷಣವೇ ಬೀಗ ಕಿತ್ತು ಬಿಸಾಕಿ, ಫುಲ್ ಟ್ಯಾಂಕ್ ಹೊಡೆಸ್ಕೊಂಡು ಬಾ ಅಂತ ತಮ್ಮನಿಗೆ ಹೇಳಿದರು. ಅವತ್ತಿನಿಂದ ಚಾಚಾ ನನ್ನ ಸಲಾಂ ತಗೊಳ್ಳೋದಿಲ್ಲ. ಡ್ರೈವರ್ ಮಾತ್ರ ಎಲ್ಲಿ ಸಿಕ್ಕರೂ ತಬ್ಬಿಕೊಂಡು ಬಿರಿಯಾನಿ ತಿನ್ನಿಸ್ತಾನೆ.

ಮಾವನವರ ಟ್ರ್ಯಾಕ್ಟರು

ಒಂದು ಸಲ ಮಾವನವರ ಟ್ರ್ಯಾಕ್ಟರೇ ನಾಟಿಗೆ ಮೊದಲು ಗದ್ದೆಯ ನಡುವೆ ಕೆಮ್ಮಿ ನಿಂತಿತು. ದೇವರು ಕಣ್ಣು ಬಿಟ್ಟ ಅಂದುಕೊಂಡು ಓಡಿದೆ. ಟ್ಯಾಂಕ್ ತೊಳೆದು, ತಳದಲ್ಲಿದ್ದ ಕಪ್ಪು ಲೋಳೆಯನ್ನ ಒಂದು ಗಾಜಿನ ಬಾಟಲಿಗೆ ತುಂಬಿ, ಆರತಿ ತಟ್ಟೆ ಹಿಡಿದ ಹಾಗೆ ಅವರ ಮುಂದೆ ಹಿಡಿದೆ.

ಅವರು ಬಾಟಲಿ ಬಿಸಿಲಿಗೆ ಹಿಡಿದರು, ಅಲ್ಲಾಡಿಸಿದರು, ಮೂಸಿದರು. ಪಾಚಿ ಅಂದ್ರೆ ಹಸಿರು ಇರಬೇಕು, ಇದು ಕಪ್ಪೈತೆ, ಹಂಗಾಗಿ ಪಾಚಿ ಅಲ್ಲ ಅಂತ ತೀರ್ಪು ಕೊಟ್ಟರು. ಆಮೇಲೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಅಳಿಯಂದ್ರೇ, ನಮ್ ಮುಂದ ನಿಜ ಹೇಳ್ರಿ. ನೀವೇ ಹಾಕಿ ನೀವೇ ತೆಗೀತೀರಿ, ಹೌದಲ್ರೀ?" ಅಂದರು.

ನನಗೆ ಹೊಟ್ಟೆ ಉರಿದುಹೋಯಿತು. ಊರವರ ಟ್ಯಾಂಕೆಲ್ಲ ತೊಳೆದೆ, ಇವರ ತಲೆ ತೊಳೆಯೋಕೆ ಆಗಲಿಲ್ಲವಲ್ಲ. ನನಗೆ ಅವರ ಆಸ್ತಿ ಬೇಕಾಗಿರಲಿಲ್ಲ, ಅಂತಸ್ತು ಬೇಕಾಗಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ನಾಲ್ಕು ನೆಂಟರ ಮುಂದೆ ನಿಂತು ನಮ್ಮ ಅಳಿಯಂದಿರ ಕೆಲಸ ಇದು ಅಂತ ಬಾಯಿ ಬಿಟ್ಟು ಹೇಳಿದ್ದರೆ ಸಾಕಿತ್ತು. ಅವರು ಹೇಳಲಿಲ್ಲ. ಬಾಟಲಿ ಮಾತ್ರ ತೊಳೆದು ಉಪ್ಪಿನಕಾಯಿ ತುಂಬಿಸಿಕೊಂಡರು.

ಮುಹೂರ್ತ

ನನ್ನ ಹೆಂಡತಿಯ ತಂಗಿಗೆ ಗಂಡು ಗೊತ್ತಾಯಿತು. ಹುಡುಗ ಕರೆಂಟ್ ಆಫೀಸಿನಲ್ಲಿ. ಮಾವನವರು ನೆಲದ ಮೇಲೆ ನಡೀಲಿಲ್ಲ ಅನ್ನಿ. ಈ ಅಳಿಯನ ಕೆಲಸವನ್ನ ಕೇಳದವರಿಗೂ ನಿಲ್ಲಿಸಿ ಹೇಳ್ತಿದ್ದರು. ಮದುವೆ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಹಿಂದಿನ ದಿನವೇ ಹೋಗಿ ಅಲ್ಲಿಯ ಜನರೇಟರ್ ಟ್ಯಾಂಕ್ ಬಿಚ್ಚಿ, ತಳ ಒರೆಸಿ, ಹೊಸ ಡೀಸೆಲ್ ತುಂಬಿಸಿದೆ. ಏನೇ ಆದರೂ ಇದು ನಿಲ್ಲೋದಿಲ್ಲ ಅಂತ ಬೀಗರೆಲ್ಲರ ಎದುರಿಗೆ ಮಾತು ಕೊಟ್ಟೆ. ಕರೆಂಟ್ ಆಫೀಸಿನೋರು ತಮ್ಮ ಮದ್ವಿಗೆ ತಾವೇ ಕರೆಂಟ್ ತೆಗೀತಾರೇನ್ರಿ ಅಂತ ಮಾವ ನಕ್ಕರು.

ಮರುದಿನ ಬೆಳಿಗ್ಗೆ ಗಂಡು ಹೆಣ್ಣು ಹಸೆಮಣೆ ಏರಿದ್ದೇ ತಡ, ಕರೆಂಟ್ ಹೋಯಿತು. ಜನರೇಟರ್ ಗುಡುಗಿತು, ದೀಪ ಬಂತು, ನಾನು ಮೀಸೆ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತಿತು.

ಕಿಟಕಿ ಇಲ್ಲದ ಮಂಟಪ, ಹಗಲಲ್ಲೇ ಕತ್ತಲೆ. ದೀಪ ಆರಿದ ಹೊತ್ತಿನಾಗೆ ತಾಳಿ ಕಟ್ಟೋದು ಬ್ಯಾಡ ಅಂತ ಹುಡುಗನ ತಾಯಿ ಅಡ್ಡ ನಿಂತರು. ಮುಹೂರ್ತ ಬಹಳ ಹೊತ್ತಿಲ್ಲ ಅಂತ ಅಯ್ಯನವರು ಗಡಿಬಿಡಿ ಮಾಡಿದರು. ಹುಡುಗನ ಸೋದರಮಾವ ಒಬ್ಬರು ಇದ್ದರು, ಮೊಸರಲ್ಲಿ ಕಲ್ಲು ಹುಡುಕೋ ಆಸಾಮಿ. ದೊಡ್ಡ ಅಳಿಯಂದ್ರು ನೋಡಿದ ಜನರೇಟರಾ ಇದು ಅಂತ ಇಡೀ ಮಂಟಪಕ್ಕೆ ಕೇಳೋ ಹಾಗೆ ಕೇಳಿದರು. ಮಾವನವರು ತಲೆ ತಗ್ಗಿಸಿದರು. ನಾನು ಪಂಚೆ ಎತ್ತಿ ಕಟ್ಟಿ ಹಿಂದಿನ ಅಂಗಳಕ್ಕೆ ಓಡಿದೆ. ಇವತ್ತು ಇದು ಹತ್ತಲಿಲ್ಲ ಅಂದರೆ ಆ ಮನೆಯ ಹೊಸ್ತಿಲು ತುಳಿಯೋ ಮುಖ ನನಗಿರಲಿಲ್ಲ. ಸೋದರಮಾವ, ನಮ್ಮ ಮಾವ, ಅವರ ಹಿಂದೆ ಅರ್ಧ ಮಂಟಪ ನನ್ನ ಬೆನ್ನು ಹತ್ತಿ ಬಂತು.

ತಳದ ಬೋಲ್ಟ್ ಬಿಚ್ಚಿದರೆ ನೀರು. ನಾನೇ ಕೈಯಾರ ಒರೆಸಿದ ಟ್ಯಾಂಕಿನಲ್ಲಿ ಚೊಂಬುಗಟ್ಟಲೆ ನೀರು, ಅದೂ ಕುಂಕುಮದ ಬಣ್ಣದ್ದು. ಪೈಪ್ ಬಿಚ್ಚಿದೆ. ಅದರ ಬಾಯಿಗೆ ಗಟ್ಟಿಯಾಗಿ ಅಂಟಿಕೊಂಡು ಒಂದು ಬಿಲ್ವಪತ್ರೆ ಕೂತಿತ್ತು, ಪಕ್ಕದಲ್ಲಿ ಎರಡು ತುಳಸಿ ದಳ. ಎಲ್ಲವನ್ನೂ ಕಿತ್ತು ಮುಷ್ಟಿಯಲ್ಲಿ ಹಿಡಿದೆ.

ತಲೆ ಎತ್ತಿದೆ. ಜನರೇಟರ್‌ಗೆ ಹೂವಿನ ಹಾರ, ಮುಂದೆ ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಟ್ಯಾಂಕಿನ ಬಾಯಿಯ ಜರಡಿಯನ್ನ ಯಾರೋ ತೆಗೆದು ಅಚ್ಚುಕಟ್ಟಾಗಿ ಇಟ್ಟಿದ್ದರು. ಮಾವನವರ ಮುಖ ನೋಡಿದೆ, ಎಲ್ಲ ತಿಳೀತು. ಅಳಿಯ ತೊಳೆದದ್ದರ ಮೇಲೆ ನಂಬಿಕೆ ಸಾಲದೆ, ಬೆಳಿಗ್ಗೆ ಎದ್ದು ದೇವಸ್ಥಾನಕ್ಕೆ ಹೋಗಿ, ಚೊಂಬು ತುಂಬ ತೀರ್ಥ ತಂದು, ಪೂಜೆ ಮಾಡಿ, ಅಷ್ಟನ್ನೂ ಟ್ಯಾಂಕಿಗೆ ಸುರಿದುಬಿಟ್ಟಿದ್ದರು. ಹರಿಹರದ ದೇವರು ಹರಿಯೂ ಹೌದು ಹರನೂ ಹೌದು, ತೀರ್ಥದಲ್ಲಿ ತುಳಸಿಯೂ ಇತ್ತು ಬಿಲ್ವವೂ ಇತ್ತು.

"ಏನ್ರಿ ಅದು, ಕೈಯಾಗೆ ಏನು ಸಿಕ್ತು?" ಅಂದರು ಸೋದರಮಾವ.

ಮುಷ್ಟಿ ಬಿಚ್ಚಿದರೆ ಸಾಕಿತ್ತು. ಬಿಚ್ಚೋ ಆಸೆ ನನಗೆ ಬಹಳ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುದುಕ ನಿಂತಲ್ಲೇ ಬೆವೆತು ಹೋಗಿದ್ದರು. ಒಳಗೆ ಹಸೆಮಣೆ ಮೇಲೆ ಮಗಳು ಕೂತಿದ್ದಾಳೆ, ಹೊರಗೆ ಹೊಸ ಬೀಗರು ಸುತ್ತುವರಿದಿದ್ದಾರೆ. ಮಾವನವರ ಕಣ್ಣು ನೋಡಿ ಮುಷ್ಟಿ ಇನ್ನೂ ಬಿಗಿ ಮಾಡಿದೆ.

"ಪಾಚಿ ರೀ," ಅಂದೆ.

ನಿನ್ನೆ ತೊಳೆದ ಟ್ಯಾಂಕಿನಾಗೆ ಒಂದೇ ದಿನಕ್ಕೆ ಪಾಚಿ ಹೆಂಗೆ ಬೆಳೀತು ಅಂತ ಸೋದರಮಾವ ಬಿಡಲಿಲ್ಲ. ನಾನು ಎಡಗೈ ಮುಷ್ಟಿ ಬಿಚ್ಚದೆ, ತಲೆ ಬಗ್ಗಿಸಿ ಪೈಪ್ ಜೋಡಿಸೋಕೆ ಹತ್ತಿದೆ. ಆಗ ಮಾವನವರು ಶಲ್ಯ ಹೆಗಲಿಗೆ ಏರಿಸಿ ಒಂದು ಹೆಜ್ಜೆ ಮುಂದೆ ಬಂದರು.

"ಡೀಸೆಲ್ ಪಾಚಿ ಅಂದ್ರೆ ಏನಂತ ತಿಳ್ಕೊಂಡೀರಿ ನೀವು?"

ಹೊಳಿ ದಂಡ್ಯಾಗಿನ ಊರು, ಗಾಳಿ ತಂಪು, ಟ್ಯಾಂಕ್ ಒಳಗೊಳಗೇ ಬೆವರ್ತದೆ ಅಂದರು. ನೀರೂ ಡೀಸೆಲ್ಲೂ ಮುಟ್ಟೋ ಜಾಗದಾಗೆ ಅದು ಹುಟ್ತದೆ ಅಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದರು. ನಂಬದಿದ್ದರೂ ಪೂರ್ತಿ ಕೇಳಿಸಿಕೊಂಡಿದ್ದರು ಮಹಾನುಭಾವರು. ಕೊನೆಗೆ, "ನಮ್ ಅಳಿಯಂದ್ರು ಡೀಸೆಲ್ ಪಾಚಿ ತೆಗೀತಾರ್ರೀ. ಇದೇ ಅವರ ಕೆಲಸ. ಜಿಲ್ಲೇದಾಗೆ ಇವರೊಬ್ರೇ," ಅಂತ ಸಾರಿದರು. ನನಗೆ ಕಣ್ಣು ಮಂಜಾಯಿತು. ತೋಳಿಗೆ ಕಣ್ಣೊರೆಸಿಕೊಂಡು ಪೈಪಿನೊಳಗಿನ ಗಾಳಿ ತೆಗೆದೆ.

ಇಂಜಿನ್ ಹತ್ತಿತು. ದೀಪ ಬಂತು, ವಾಲಗ ಏರಿತು, ಬೆಳಕಿನಲ್ಲೇ ಕೊರಳಿಗೆ ತಾಳಿ ಬಿತ್ತು. ಅಕ್ಷತೆ ಹಾಕೋ ಗಡಿಬಿಡಿಯಲ್ಲಿ ಜನವೆಲ್ಲ ಒಳಗೆ ನುಗ್ಗಿದರು, ಸೋದರಮಾವ ಮತ್ತು ಅವರನ್ನ ಕರೆಯೋಕೆ ನಿಂತ ಮಾವನವರನ್ನ ಬಿಟ್ಟು. ನಾನು ಇಂಜಿನ್ ಹತ್ತಿದ ಸಂತೋಷದಲ್ಲಿ ಮುಷ್ಟಿ ಸಡಿಲ ಬಿಟ್ಟಿದ್ದೆ, ಸೋದರಮಾವ ನೆಲಕ್ಕೆ ಬಗ್ಗಿ ಕೆಳಗೆ ಬಿದ್ದ ಬಿಲ್ವಪತ್ರೆಯನ್ನ ಎತ್ತಿಕೊಂಡರು.

"ಯಜಮಾನ್ರೆ, ಪಾಚಿಗೆ ಎಲೆ ಐತಲ್ರೀ. ಮೂರು ಎಲೆ."

ಮಾವನವರು ಅದನ್ನ ಅವರ ಕೈಯಿಂದ ತಗೊಂಡರು. ರೂಢಿ ನೋಡಿ, ಮೊದಲು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆ ಆಡಿಸಿ ಹೇಳಿದರು:

"ಎಳೇದಿದ್ದಾಗ ಲೋಳೆ ಇರ್ತದೆ. ಬಲಿತ ಮ್ಯಾಲೆ ಎಲೆ ಒಡೀತದೆ."