ಗುಲಾಬಿ ಕಡ್ಡಿಯ ಶಾಸ್ತ್ರೋಕ್ತ ಕಳ್ಳತನ

ಚಪ್ಪಲಿ ಕದ್ದವನನ್ನು ನಮ್ಮ ಜನ ಗುಡಿಯ ಮುಂದೆಯೇ ಹಿಡಿದು ಬಡಿಯುತ್ತಾರೆ. ಕೋಳಿ ಕದ್ದವನ ಹೆಸರನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಗಿಡ ಕದ್ದವರನ್ನು ಮಾತ್ರ ಯಾರೂ ಕಳ್ಳರೆನ್ನುವುದಿಲ್ಲ. ‘ಬೇಡಿ ತಂದ ಗಿಡ ಬಾಡತೈತಿ, ಕದ್ದು ತಂದ ಗಿಡ ಹತ್ತತೈತಿ’ ಎಂದು ಒಂದು ಮಾತು ಮಾಡಿಟ್ಟುಕೊಂಡು, ಒಳ್ಳೊಳ್ಳೆಯ ಮನೆತನದ ಹೆಣ್ಣುಮಕ್ಕಳು, ಹಣೆತುಂಬ ವಿಭೂತಿ ಹಚ್ಚಿಕೊಂಡ ಗಂಡಸರು, ಕಂಡವರ ಕಂಪೌಂಡಿನೊಳಗೆ ಕೈ ಹಾಕುತ್ತಾರೆ. ನಾನು ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಟಿಕೆಟ್ ಇಲ್ಲದವನನ್ನು ಅವನು ಕೂತ ರೀತಿಯಿಂದಲೇ ಗುರುತಿಸುತ್ತಿದ್ದೆ. ಸೀಟಿನ ಕೆಳಗೆ ಬಚ್ಚಿಟ್ಟ ಹುಂಜಕ್ಕೂ ಕಂಡಕ್ಟರನಿಂದ ಅರ್ಧ ಟಿಕೆಟ್ ಹರಿಸಿದ್ದೇನೆ. ಅಂಥವನ ಅಂಗಳದಲ್ಲೇ ಕಳ್ಳತನವಾದರೆ ಸಿಟ್ಟು ಬರಬಾರದೇ?

ಅಂಗಳ ಎಂದೆ. ಶಿಗ್ಗಾವಿಯ ನಮ್ಮ ಮನೆಯ ಮುಂದಿರುವುದು ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲಿ ನಮ್ಮವ್ವ ನೆಟ್ಟ ಪನ್ನೀರು ಗುಲಾಬಿ. ಅಂಗಡಿಯ ಗುಲಾಬಿಯ ಠೀವಿ ಅದಕ್ಕಿರಲಿಲ್ಲ. ಬೆಳಿಗ್ಗೆ ಅರಳಿ ಸಂಜೆಗೆ ಎಸಳುದುರಿಸುವ ತೆಳುಬಣ್ಣದ ಹೂ. ಆದರೆ ಆ ವಾಸನೆ! ಅವ್ವ ಇರುವ ತನಕ ಲಿಂಗಪೂಜೆಗೆ ಇದೇ ಹೂ, ಅವಳು ಹೋದ ಮೇಲೆ ನನ್ನ ಪೂಜೆಗೂ ಇದೇ. ತವರು ಹಿರೇಬೆಂಡಿಗೇರಿಯಿಂದ ತಂದದ್ದೆಂದು ಅವ್ವ ಹೇಳುತ್ತಿದ್ದಳು. ಕೇಳಿದವರಿಗೆ ಹೂ ಕೊಟ್ಟಿದ್ದೇನೆ. ಕಡ್ಡಿ ಮಾತ್ರ ಯಾರಿಗೂ ಕೊಟ್ಟವನಲ್ಲ. ಊರಿಗೆಲ್ಲ ಹಂಚಿದ ಮೇಲೆ ಅದು ಅವ್ವನ ಗಿಡವಾಗಿ ಹೇಗೆ ಉಳಿದೀತು?

ನಿವೃತ್ತಿಯಾದ ಮೇಲೆ ನಾನು ಅಡುಗೆಮನೆಯನ್ನೇ ಚೆಕಿಂಗ್ ಮಾಡತೊಡಗಿದ್ದೆ. ಬೇಸತ್ತ ನನ್ನ ಹೆಂಡತಿ ಸರೋಜ, ಕಲ್ಯಾಣಮಂಟಪದ ಮಾಳಿಗೆಯ ಮೇಲೆ ಭಾನುವಾರಕ್ಕೊಮ್ಮೆ ನಡೆಯುವ ಕೈತೋಟದ ಕಿರುತರಬೇತಿಗೆ ನನ್ನ ಹೆಸರು ಬರೆಸಿಬಂದಳು. ಮೊದಲ ಪಾಠ ಉದ್ಯಾನಗಳ ಇತಿಹಾಸ. ಧಾರವಾಡದ ಕಡೆಯಿಂದ ಬಂದ ಮೇಡಂ ಗೋಡೆಯ ಮೇಲೆ ಚಿತ್ರ ಬಿಟ್ಟು ಪರ್ಷಿಯಾದ ಕಾರಂಜಿ, ಫ್ರಾನ್ಸಿನ ರಾಜರ ಹೂದೋಟ ಎಲ್ಲ ತೋರಿಸಿದರು. ಮಗ್ಗುಲಲ್ಲೇ ಇರುವ ಸವಣೂರಿನ ಎಲೆತೋಟದ ಹೆಸರೇ ಇಲ್ಲ! ಅದೇ ತೋಟದ ಎಲೆ ಹಾಕಿಕೊಂಡು ಬಾಯಿ ಕೆಂಪಗೆ ಮಾಡಿಕೊಂಡು ಕೂತವರು ನಾವು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ನಮ್ಮ ಕಡೆ ತೋಟಕ್ಕೂ ಇತಿಹಾಸ ಐತ್ರಿ ಮೇಡಂ” ಎಂದೆ. ಅಷ್ಟಕ್ಕೆ ಕೂತಿದ್ದರೆ ಬದುಕುತ್ತಿದ್ದೆ. ಅವ್ವನ ಗುಲಾಬಿಯನ್ನು ವರ್ಣಿಸಿದೆ, ಇಂಥ ಪರಿಮಳ ಇಡೀ ತಾಲ್ಲೂಕಿನಲ್ಲಿ ಇಲ್ಲವೆಂದೆ, ಕೊನೆಗೆ ಮನೆಯ ಗುರುತನ್ನೂ ಹೇಳಿಬಿಟ್ಟೆ.

“ಭಾಳ ಚಲೋ ಆತು. ನಿಮ್ಮ ಗಿಡದ ಇತಿಹಾಸನ ಬರಕೊಂಡ ಬರ್ರಿ” ಎಂದರು ಮೇಡಂ. ನಮ್ಮ ಹಿಂದಿನ ಓಣಿಯ ನೀಲಕ್ಕ, “ಅಷ್ಟ ವಾಸನಿ ಐತೇನ್ರಿ ಸಾಹೇಬ್ರ?” ಎಂದು ಬಹಳ ಭಕ್ತಿಯಿಂದ ಕೇಳಿದಳು.

ಮುಂದಿನ ಭಾನುವಾರದ ಪಾಠ, ಕಡ್ಡಿಯಿಂದ ಗಿಡ ಮಾಡುವುದು. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಬೇಕು, ಗಿಣ್ಣಿನ ಹತ್ತಿರ ಓರೆಯಾಗಿ ಕೊಯ್ಯಬೇಕು, ತಾಯಿಗಿಡದ ಗಾಯಕ್ಕೆ ಅರಿಶಿಣ ಹಚ್ಚಬೇಕು. ಮರುದಿನ ಬೆಳಿಗ್ಗೆ ಹೂವಿಗೆಂದು ಹೋದರೆ ನಮ್ಮ ಗುಲಾಬಿ ಜವಳ ತೆಗೆಸಿಕೊಂಡ ಕೂಸಿನಂತೆ ನಿಂತಿದೆ! ಹಿಂದೆಯೂ ಕಳ್ಳತನ ಆಗಿದ್ದುಂಟು. ಹಳೆಯ ಕಳ್ಳರು ಪಾಪ, ಕಡ್ಡಿ ತಿರುವಿ ಮುರಿದು, ಸಿಪ್ಪೆ ಜೋತಾಡಿಸಿ ಓಡುತ್ತಿದ್ದರು. ಈಗ ಪ್ರತಿಯೊಂದು ಗಾಯವೂ ಓರೆ, ನುಣುಪು, ಗಿಣ್ಣಿನ ಮೇಲೆಯೇ. ಒಂದೊಂದಕ್ಕೂ ಅರಿಶಿಣ! ಕದ್ದದ್ದಲ್ಲದೆ ಮುಲಾಮು ಹಚ್ಚಿ ಹೋಗಿದ್ದಾರೆ. ಸರೋಜ ಬಂದು ನೋಡಿ, “ಎಷ್ಟ ಚಂದ ಕೊಯ್ದಾರ್ರೀ! ನಿಮಗ ಹಿಂಗ ಬರತೈತೇನು?” ಎಂದಳು.

ಮುಂದಿನ ತರಗತಿಯಲ್ಲಿ ನಾನು ಪಾಠ ಶುರುವಾಗಲು ಬಿಡಲಿಲ್ಲ. “ನಮ್ಮ ಗುಲಾಬಿ ಕದ್ದವರು ಇಲ್ಲೇ ಕುಂತಾರ!” ಎಂದೆ. ಎಲ್ಲರೂ ಫ್ಯಾನು ನೋಡತೊಡಗಿದರು. ಮೇಡಂ ಗಂಭೀರವಾಗಿ, “ಅರಿಶಿಣ ಹಚ್ಚ್ಯಾರೇನ್ರಿ?” ಎಂದು ಕೇಳಿದರು. “ಹಚ್ಚ್ಯಾರ್ರಿ” ಎಂದೆ. “ಹಂಗಾರ ಪಾಠ ಚಲೋ ತಿಳಕೊಂಡಾರ” ಎಂದರು. ಜನ ಚಪ್ಪಾಳೆ ತಟ್ಟಿದರು! ನೀಲಕ್ಕ ಎದ್ದು ನಿಂತಳು. “ಸಿಟ್ಟ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಬೇಡಿದ್ರ ನೀವು ಕೊಡೂದಿಲ್ಲ, ಕೊಟ್ಟರ ಅದು ಹತ್ತೂದಿಲ್ಲ. ಮತ್ತ ನಾವರ ಏನ ಮಾಡೂಣು?”

ಗಿಡದ ಇತಿಹಾಸ ಬರೆದಾದರೂ ಇವರ ಮುಖಕ್ಕೆ ಹಿಡಿಯಬೇಕೆಂದು ಹಾನಗಲ್ಲಿನಲ್ಲಿರುವ ಸಣ್ಣವ್ವನಿಗೆ, ಅಂದರೆ ಅವ್ವನ ತಂಗಿಗೆ, ಫೋನ್ ಮಾಡಿದೆ. ಅವಳು ನಕ್ಕಳು. “ತವರಿಂದೆಲ್ಲಿ ತಂದಾಳೋ ಯಪ್ಪಾ! ಹಿರೇಕೆರೂರಾಗ ಮದುವಿಗೆ ಹೋದಾಗ ಬೀಗರ ಹಿತ್ತಲದಾಗ ಮುರಕೊಂಡು ಉಡಿಯಾಗ ಕಟಗೊಂಡು ಬಂದ್ಲು. ಬಸ್ಸಿನ್ಯಾಗ ಮುಳ್ಳು ಚುಚ್ಚಿದ್ರೂ ಪಿಟ್ಟ ಅನ್ನಲಿಲ್ಲ ನೋಡು.” ನಾನು ಇತಿಹಾಸ ಬರೆಯುವುದನ್ನು ಕೈಬಿಟ್ಟೆ.

ಉಳಿದ ಮೋಟು ಗಿಡವನ್ನೇ ಬೆಳೆಸಿ ಎಲ್ಲರ ಹೊಟ್ಟೆ ಉರಿಸುವುದೆಂದು ನಿಶ್ಚಯಿಸಿದೆ. ಆ ವಾರದ ಪಾಠ ಶೇಂಗಾ ಹಿಂಡಿಯ ಗೊಬ್ಬರ. ಹಿಂಡಿ ನೆನೆಸಿ, ಬಹಳ ನೀರು ಬೆರೆಸಿ, ಒಂದೇ ಚರಿಗೆ ಹಾಕಬೇಕೆಂದು ಮೇಡಂ ಹೇಳಿದ್ದರು. ಅವ್ವನ ಗಿಡಕ್ಕೆ ನೀರು ಬೆರೆಸಿದ್ದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಗಟ್ಟಿಯದನ್ನೇ ಬಕೆಟ್ ತುಂಬ ಸುರಿದೆ. ಓಣಿಯ ತುಂಬ ನಾತ ಎದ್ದಿತು, ಗಿಡ ಬುಡದಿಂದ ಕರ್ರಗಾಯಿತು. “ಕಳ್ಳರು ಜೀವ ಉಳಿಸಿದ್ರು, ಸಾಹೇಬ್ರು ತಗದ್ರು” ಎಂದಳು ಸರೋಜ.

ಪೂಜೆಗೆ ದಾಸವಾಳ ಏರಿಸತೊಡಗಿದೆ. ಲಿಂಗಕ್ಕೆ ಅದೂ ನಡೆಯಿತು. ನನಗೇ ಪೂಜೆ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಒಂದು ಮಳೆಗಾಲ ಕಳೆಯಿತು. ಹಿಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದರೆ ನೀಲಕ್ಕನ ಗೋಡೆಯ ಆಚೆಯಿಂದ ಅದೇ ವಾಸನೆ! ಕಾಲು ಅಲ್ಲೇ ನಿಂತಿತು. ನನ್ನ ಸಂಕಟ ತಿಳಿದ ನೀಲಕ್ಕ, “ಬಂದ ಒಂದ ಕಡ್ಡಿ ಒಯ್ಯಾಕ ಹೇಳ್ರಿ” ಎಂದು ಸರೋಜಳ ಹತ್ತಿರ ಹೇಳಿಕಳಿಸಿದಳು. ನಾನು ಹೊರಟೆ. ಸರೋಜ ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡ್ರಿ. ಬೇಡಿ ತಂದದ್ದು ಹತ್ತಲಿಲ್ಲಂದ್ರ? ಅತ್ತಿಯವರ ಗಿಡ ಕಾಯಂ ಹೋದಂಗ.”

ಎಂಥ ಮೂಢನಂಬಿಕೆ! ನಾನು ಚೆನ್ನಾಗಿ ಬೈದೆ. ಬೈದು, ಮಧ್ಯಾಹ್ನ ರೊಟ್ಟಿ ಉಂಡು ಓಣಿಗೆ ಓಣಿಯೇ ಮಲಗಿದ್ದಾಗ, ಸಣ್ಣ ಚಾಕು ತೆಗೆದುಕೊಂಡು ಹೋಗಿ ನೀಲಕ್ಕನ ಗೋಡೆಗೆ ಜೋತುಬಿದ್ದೆ. ಟಿಕೆಟ್ ಇಲ್ಲದವನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಆಗ ಗೊತ್ತಾಯಿತು. ಪೆನ್ಸಿಲ್ ದಪ್ಪದ್ದು ಸಿಕ್ಕಿತು. ಗಿಣ್ಣಿನ ಹತ್ತಿರ ಓರೆಯಾಗಿ ಕೊಯ್ದೆ. ಅಷ್ಟರಲ್ಲಿ ಕಿಟಕಿಯೊಳಗಿಂದ ಪಿಸುದನಿ: “ನಾ ನೋಡಿಲ್ರೀ ಸಾಹೇಬ್ರ, ಓಡ್ರಿ! ಅರಿಶಿಣ ನಾ ಹಚ್ಚತೇನಿ.”

ಓಡಿದೆ. ಮನೆಗೆ ಬಂದು ಅವ್ವನ ಗಿಡವಿದ್ದ ಕಡೆ ಮಣ್ಣು ಬದಲಿಸಿ, ಕಡ್ಡಿ ನೆಟ್ಟು, ನೀರು ಹಾಕುತ್ತಿದ್ದೆ. ನಿದ್ದೆಯಿಂದೆದ್ದು ಬಂದ ಸರೋಜ ಅನುಮಾನದಿಂದ ನೋಡಿ, “ಏನ್ರೀ, ಬೇಡಿ ತಂದ್ರೇನು?” ಎಂದು ಕೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಸಂಸಾರ ಮಾಡಿ, ಗಂಡನನ್ನು ಇವಳು ಏನೆಂದು ತಿಳಿದಿದ್ದಾಳೆ?