ವಾರಕ್ಕೊಂದು ಹನಿ ವಿಷ

ಆ ಸೋಮವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಬ್ಯಾಂಡೇಜು. ಸೂಜಿ ಚುಚ್ಚಿದ ಜಾಗಕ್ಕೆ ಚಿಟಿಕೆ ಹತ್ತಿ ಸಾಕಾಗಿತ್ತು. ಆದರೆ ವಿಷಪ್ಪ ಮೊಣಕೈಯಿಂದ ಭುಜದವರೆಗೆ ಸುತ್ತಿಕೊಂಡ. ಸುತ್ತಿಕೊಂಡದ್ದು ಕಾಣದೇ ಹೋದೀತೆಂದು ಅಂಗಿಯ ತೋಳನ್ನೂ ಮಡಿಸಿದ.

ವಿಷಪ್ಪ ಅವನ ಹುಟ್ಟು ಹೆಸರಲ್ಲ, ಕಚೇರಿಯವರು ಇಟ್ಟದ್ದು. ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಅವನು ಗುಮಾಸ್ತ. ಹದಿನಾಲ್ಕು ವರ್ಷ ಅವನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಯಾವನೋ ದಾಂಡಿಗ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡು, ಆಮೇಲೆ ಹಾವಿನಿಂದ ಕಚ್ಚಿಸಿಕೊಂಡು, ಹಲ್ಲು ಕಿರಿಯುತ್ತ ಕೂತದ್ದನ್ನು ನೋಡಿದ. ಮೈಗೆ ವಿಷ ಅಭ್ಯಾಸವಾದರೆ ಹಾವು ಕಚ್ಚಿದರೂ ಏನೂ ಆಗದಂತೆ! ವಿಷಪ್ಪನಿಗೆ ಬದುಕಿನ ದಾರಿ ಕಂಡಂತಾಯಿತು. ಹಾವು ಹಿಡಿಯುವವನೊಬ್ಬನ ಕೈಕಾಲು ಹಿಡಿದು, ನೀರು ಬೆರೆಸಿದ ನಾಗರಹಾವಿನ ವಿಷವನ್ನು ಒಂದು ಪುಟ್ಟ ಬಾಟಲಿಯಲ್ಲಿ ತಂದು, ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಇಟ್ಟ. ವಾರಕ್ಕೊಂದು ಹನಿ. ಒಂದೂವರೆ ವರ್ಷದಿಂದ ಒಂದು ಸೋಮವಾರವೂ ತಪ್ಪಿಸಿರಲಿಲ್ಲ.

“ನನ್ನ ದೇಹ, ನನ್ನ ಇಷ್ಟ,” ಎಂದಿದ್ದ ಹೆಂಡತಿಗೆ.

“ಸರಿ. ಹಾಗಾದ್ರೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆನೂ ನೀವೇ ಹಾಕ್ಕೊಳ್ಳಿ. ಅದೂ ನಿಮ್ಮ ಹಣೆನೇ ತಾನೆ?” ಎಂದಿದ್ದಳು ಅವಳು.

ಅತ್ತೆ ಮಾತ್ರ ಏನೂ ಅಂದಿರಲಿಲ್ಲ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮಗಳ ಮನೆಗೆ ಬಂದ ಆಕೆ, ಕಣ್ಣಿಗೆ ಹಾಕುವ ಔಷಧಿಯ ಬಾಟಲಿಯನ್ನೂ ಅದೇ ಫ್ರಿಜ್ಜಿನಲ್ಲಿಟ್ಟುಕೊಂಡು ಅಲ್ಲೇ ಉಳಿದಿದ್ದರು. ಅಳಿಯ ಸೂಜಿ ಹಿಡಿದಾಗಲೆಲ್ಲ ಮುಖ ಆ ಕಡೆ ತಿರುಗಿಸುತ್ತಿದ್ದರು. ಆ ಸೋಮವಾರ ಮಾತ್ರ, “ಅಳಿಯಂದ್ರೇ, ನಿಮಗೊಂದು ಮಾತು ಹೇಳ್ಬೇಕಿತ್ತು...” ಎಂದು ಶುರು ಮಾಡಿದರು.

“ಹೆದರಬೇಡಿ ಅತ್ತೆ, ಈಗ ನನಗೆ ನಾಗರಹಾವೂ ಒಂದೇ, ಜಿರಳೆನೂ ಒಂದೇ,” ಎಂದು ವಿಷಪ್ಪ ಹೊರಟೇಬಿಟ್ಟ.

ಕಚೇರಿಯಲ್ಲಿ ಬ್ಯಾಂಡೇಜು ಫಲ ಕೊಟ್ಟಿತು. ಟೈಪಿಸ್ಟ್ ಅಕ್ಕ ಬೆರಳಚ್ಚು ನಿಲ್ಲಿಸಿ ಎದ್ದು ಬಂದಳು. “ನಿಮ್ಮ ರಕ್ತದಿಂದ ಔಷಧಿ ಮಾಡಬಹುದಂತೆ, ಹೌದಾ? ನಮ್ಮಣ್ಣನ ತೋಟದಲ್ಲಿ ಹಾವಿನ ಕಾಟ. ಒಂದು ಸಣ್ಣ ಬಾಟಲಿ ಕೊಟ್ಟಿರಿ.” ಅವಳ ದನಿಯಲ್ಲಿ ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ಕೇಳುವಷ್ಟೇ ಸಲಿಗೆಯಿತ್ತು.

“ಲೋಕಕ್ಕೋಸ್ಕರ ತಾನೇ ನಾನು ಇದೆಲ್ಲ ಮಾಡ್ತಿರೋದು,” ಎಂದ ವಿಷಪ್ಪ, ಲೋಕದ ನೆನಪು ಆಗಷ್ಟೇ ಬಂದವನಂತೆ. “ಇವತ್ತು ಹಾವು ಎದುರಿಗೆ ಬಂದ್ರೆ ಬರಿಗೈಲಿ ಹಿಡೀತೀನಿ.”

ಹಾವಿಗೆ ಕಿವಿಯಿಲ್ಲ ಅನ್ನುತ್ತಾರೆ. ಆದರೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದಾಖಲೆ ಕೋಣೆಯಿಂದ ಜವಾನ ಚೀರುತ್ತ ಓಡಿ ಬಂದ. ಮೂರನೇ ಬೀರುವಿನ ಕೆಳಗೆ ಮಾರುದ್ದದ ಹಾವು!

“ಹಾವು ಹಿಡಿಯೋರಿಗೆ ಫೋನ್ ಮಾಡೋಣ,” ಎಂದ ಎಲ್ಲರಿಗಿಂತ ಮೊದಲು ವಿಷಪ್ಪ.

ಸಾಹೇಬರು ಬಾಗಿಲಿಗೆ ಬಂದರು. “ಮನೇಲೇ ಬಾವಿ ಇಟ್ಕೊಂಡು ಬೀದಿ ನಲ್ಲಿಗೆ ಯಾಕ್ರೀ ಹೋಗ್ಬೇಕು? ನಡೀರಿ ವಿಷಪ್ಪನೋರೇ.”

ಹದಿನೆಂಟು ಜನ ಸಾಲುಗಟ್ಟಿ ನಿಂತು ದಾರಿ ಬಿಟ್ಟರು. ಆ ಸಾಲಿನ ನಡುವೆ ಹಿಂದಕ್ಕೆ ಓಡುವುದಕ್ಕೆ ಹಾವು ಹಿಡಿಯುವುದಕ್ಕಿಂತ ಹೆಚ್ಚು ಧೈರ್ಯ ಬೇಕಿತ್ತು. ವಿಷಪ್ಪನಲ್ಲಿ ಅಷ್ಟು ಧೈರ್ಯ ಇರಲಿಲ್ಲ, ಒಳಗೆ ಹೋದ. ಕಣ್ಣು ಮುಚ್ಚಿಕೊಂಡು ಬೀರುವಿನ ಕೆಳಗೆ ಕೈ ಹಾಕಿದ. ಹಾವು ತನ್ನ ಕೆಲಸ ಮಾಡಿತು.

“ಅಯ್ಯಯ್ಯೋ!” ಎಂದ ಅವನು, ಆಮೇಲೆ ಬಾಗಿಲಲ್ಲಿ ಜನ ನಿಂತಿರುವುದು ನೆನಪಾಗಿ, “ಏನೂ ಆಗಿಲ್ಲ, ಏನೂ ಆಗಿಲ್ಲ,” ಎಂದು ತಿದ್ದಿಕೊಂಡ. ಜವಾನ ಕಸದ ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ ಹಾವನ್ನು ಬಂಧಿಸಿದ.

ಆಸ್ಪತ್ರೆಗೆ ಕಚೇರಿಗೆ ಕಚೇರಿಯೇ ಬಂತು, ಜವಾನನ ಕೈಯ ಡಬ್ಬಿಯಲ್ಲಿ ಹಾವೂ ಬಂತು. ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಎಲ್ಲರನ್ನೂ ಹೊರಗೆ ನಿಲ್ಲಿಸಿ, ಔಷಧಿಯ ಸೀಸೆ ತೆಗೆದಿಟ್ಟರು.

“ಅದು ಬೇಡ ಡಾಕ್ಟ್ರೇ,” ಎಂದ ವಿಷಪ್ಪ, ಬಾಗಿಲಾಚೆಗೂ ಕೇಳುವಂತೆ. “ನನ್ನ ರಕ್ತವೇ ಔಷಧಿ,” ಎಂದು ಒಂದೂವರೆ ವರ್ಷದ ಸಾಹಸವನ್ನೆಲ್ಲ ಒಪ್ಪಿಸಿದ.

“ಈ ಸೀಸೆಯಲ್ಲಿರೋದೂ ಅದೇ ಅಪ್ಪಾ,” ಎಂದರು ಡಾಕ್ಟರು. “ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ಮಾಡ್ತಾರೆ. ಪಾಪ, ಕುದುರೆಯನ್ನ ಯಾರೂ ಒಪ್ಪಿಗೆ ಕೇಳೋದಿಲ್ಲ, ಆದ್ರೂ ಅದು ಸಾವಿರ ಜನರನ್ನ ಉಳಿಸುತ್ತೆ. ನಿನ್ನ ಒಪ್ಪಿಗೆ ನೀನೇ ಕೊಟ್ಟುಕೊಂಡಿದ್ದೀಯ. ಯಾರನ್ನ ಉಳಿಸಿದೆ?”

ಅಷ್ಟರಲ್ಲಿ ಸುದ್ದಿ ತಿಳಿದು ಹೆಂಡತಿಯೂ ಅತ್ತೆಯೂ ಓಡುತ್ತ ಒಳಬಂದರು. ಹೆಂಡತಿ ಅಳುತ್ತಿದ್ದಳು. ಒದ್ದೆ ಬಟ್ಟೆಯ ಮಾತನ್ನೆಲ್ಲ ಅವಳು ಮರೆತಂತಿತ್ತು. ಅತ್ತೆ ಬಂದವರೇ ಹಿಂದಿನಿಂದ ಬಾಗಿಲು ಮುಚ್ಚಿ, ಮಂಚದ ಕಾಲು ಹಿಡಿದು ಕುಸಿದರು.

“ಅಳಿಯಂದ್ರೇ, ಔಷಧಿ ತಗೊಳ್ಳಿ! ನಿಮ್ಮ ಮೈಲಿ ವಿಷಾನೂ ಇಲ್ಲ, ಮಣ್ಣೂ ಇಲ್ಲ!”

“ಏನಂದ್ರಿ?”

“ನೀವು ತಂದ ಎರಡನೇ ವಾರದಲ್ಲೇ ಫ್ರಿಜ್ ಒರೆಸೋವಾಗ ಆ ಬಾಟಲಿ ನನ್ನ ಕೈ ತಗುಲಿ ಚೆಲ್ಲಿಹೋಯ್ತು. ನೀವು ಬೈತೀರ ಅಂತ ತೊಳೆದು, ನನ್ನ ಕಣ್ಣಿನ ಔಷಧಿ ತುಂಬಿಟ್ಟೆ. ಒಂದೂವರೆ ವರ್ಷದಿಂದ ನೀವು ಚುಚ್ಕೊಂಡಿರೋದು ಅದನ್ನೇ.”

ಕೋಣೆ ಗಿರ್ರನೆ ತಿರುಗಿತು. ಪ್ರತಿ ಸೋಮವಾರ ಬರುತ್ತಿದ್ದ ಜ್ವರ, ನರನರದಲ್ಲಿ ಹರಿಯುತ್ತಿದ್ದ ಆ ಶಕ್ತಿ, ಎಲ್ಲ ಕಣ್ಣಿನ ಔಷಧಿಯದ್ದೇ? ವಿಷಪ್ಪನ ನಾಲಿಗೆ ದಪ್ಪವಾಯಿತು, ರೆಪ್ಪೆ ಜೋತುಬಿತ್ತು, ಕಾಲು ತಣ್ಣಗಾಯಿತು.

“ಡಾಕ್ಟ್ರೇ, ಕುದುರೆ! ಬೇಗ ಕುದುರೆ ಕೊಡಿ!” ಎಂದು ಎರಡು ಕೈಯಲ್ಲೂ ಸೀಸೆಗೆ ಬಾಚಿದ. ಸಾಯಲು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ.

ಡಾಕ್ಟರು ಸೀಸೆಯನ್ನು ಆಚೆ ಸರಿಸಿ ಹೊರಗೆ ಹೋದರು. ಜವಾನ ಹಿಡಿದಿದ್ದ ಡಬ್ಬಿಯ ರಟ್ಟು ಸರಿಸಿ ಇಣುಕಿದರು, ಏನೂ ಹೇಳದೆ ವಾಪಸು ಬಂದು ಬಾಗಿಲು ಹಾಕಿದರು. “ಕೇರೆ ಹಾವು. ಅದಕ್ಕೆ ವಿಷವೇ ಇಲ್ಲ. ಗಾಯ ತೊಳ್ಕೊಂಡು ಮನೆಗೆ ಹೋಗು.”

ಕೂಡಲೇ ನಾಲಿಗೆ ತೆಳುವಾಯಿತು. ರೆಪ್ಪೆ ಮೇಲೆದ್ದಿತು. ಜೀವ ಬಂದದ್ದೇ ತಡ, ಮಾನದ ಚಿಂತೆ ಹಿಡಿಯಿತು. ಹೊರಗೆ ಹದಿನೆಂಟು ಜನ ನಿಂತಿದ್ದಾರೆ! ವಿಷಪ್ಪ ಡಾಕ್ಟರ ಕೈ ಹಿಡಿದ. “ಚೀಟಿಯಲ್ಲಿ ಹಾವಿನ ಜಾತಿ ಬರೀಬೇಡಿ ತಾಯಿ, ದಮ್ಮಯ್ಯ.” ಆಮೇಲೆ ಅತ್ತೆಯ ಕಡೆ ತಿರುಗಿದ. “ನನ್ನ ಮಾನ ನಿಮ್ಮ ಕೈಯಲ್ಲಿದೆ ಅತ್ತೆ. ಬಾಟಲಿ ವಿಷಯ ಯಾರು ಕೇಳಿದ್ರೂ, ಸ್ವತಃ ನಾನೇ ಕೇಳಿದ್ರೂ, ಬಾಯಿ ಬಿಡ್ಬೇಡಿ. ಆಣೆ ಮಾಡಿ.”

ಬಾಟಲಿಯ ಪಾಪ ಇಷ್ಟಕ್ಕೇ ಕಳೆಯುತ್ತದಲ್ಲ ಎಂದು ಅತ್ತೆ ಮಗಳ ತಲೆ ಮುಟ್ಟಿ ಆಣೆ ಮಾಡಿದರು. ಸರದಿಯಲ್ಲಿ ಇನ್ನೂ ನಲವತ್ತು ರೋಗಿಗಳಿದ್ದರು. ಡಾಕ್ಟರು ತಲೆ ಚಚ್ಚಿಕೊಂಡು ಗೀಚಿದರು: ‘ಹಾವು ಕಚ್ಚಿದೆ. ವಿಷದ ಲಕ್ಷಣಗಳಿಲ್ಲ. ಔಷಧಿಯ ಅಗತ್ಯವಿಲ್ಲ.’

ಚೀಟಿ ಹಿಡಿದು ವಿಷಪ್ಪ ಹೊರಬಂದಾಗ ಚಪ್ಪಾಳೆಯೋ ಚಪ್ಪಾಳೆ. ಟೈಪಿಸ್ಟ್ ಅಕ್ಕ ಆಗಲೇ ಖಾಲಿ ಬಾಟಲಿ ತಂದಿದ್ದಳು. ಸಾಹೇಬರು ಚೀಟಿಯನ್ನು ಎರಡು ಸಲ ಓದಿ, ಜೋಪಾನವಾಗಿ ಮಡಿಸಿ ಜೇಬಿಗಿಟ್ಟರು. ಆಮೇಲೆ ಕೈಚೀಲದಿಂದ ಒಂದು ಫೈಲು ತೆಗೆದರು.

ಆ ಫೈಲು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಾಚೆಯ ಹಳೇ ಪಂಪ್‌ಹೌಸಿನ ಉಗ್ರಾಣದ್ದು. ಅಲ್ಲಿ ಪೈಪಿಗೊಂದರಂತೆ ನಾಗರಹಾವು. ಅದರ ಚಾರ್ಜು ವಹಿಸಿಕೊಳ್ಳಲಾರದೆ ಈಗಾಗಲೇ ನಾಲ್ಕು ಜನ ಬೆನ್ನುನೋವಿನ ಸರ್ಟಿಫಿಕೇಟು ತಂದಿದ್ದರು.

“ನಾಳೆಯಿಂದ ನೀವೇ ಅಲ್ಲಿ ಉಸ್ತುವಾರಿ,” ಎಂದರು ಸಾಹೇಬರು. “ಪೈಪುಗಳನ್ನ ಒಂದೊಂದಾಗಿ ಎಣಿಸಿ, ಒಳಗೆ ಕೈ ಹಾಕಿ ನೋಡಿ, ಪಟ್ಟಿ ಮಾಡಿ.”

ವಿಷಪ್ಪನ ಮಾನ ಅಲ್ಲೇ ಸತ್ತುಬಿತ್ತು. “ಸಾರ್, ಅದು ಕೇರೆ ಹಾವು ಸಾರ್! ನಾನು ಚುಚ್ಕೊಂಡಿದ್ದು ಕಣ್ಣಿನ ಔಷಧಿ! ಬೇಕಾದ್ರೆ ನಮ್ಮತ್ತೆನ ಕೇಳಿ!”

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಮಗಳ ತಲೆಯನ್ನೊಮ್ಮೆ ನೋಡಿದರು.

“ಅಳಿಯಂದ್ರ ಬಾಟಲಿ ನಾನ್ಯಾಕಪ್ಪ ಮುಟ್ಟಲಿ?” ಎಂದರು.

“ಎಂಥ ವಿನಯ!” ಎಂದಳು ಟೈಪಿಸ್ಟ್ ಅಕ್ಕ, ಕಣ್ಣೊರೆಸಿಕೊಳ್ಳುತ್ತ. ಒಂದೂವರೆ ವರ್ಷ ವಿಷಪ್ಪನ ಸುಳ್ಳನ್ನು ಯಾರೂ ಅನುಮಾನಿಸಿರಲಿಲ್ಲ. ಅವನು ಮೊದಲ ಸಲ ನಿಜ ಹೇಳಿದಾಗ ನಂಬುವವರು ಒಬ್ಬರೂ ಸಿಗಲಿಲ್ಲ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು.

“ನೀವು ಹೇಳ್ತಿರೋದು ನಿಜಾನೇ ಇರಬಹುದು,” ಎಂದರು ತಗ್ಗಿದ ದನಿಯಲ್ಲಿ. “ಆದ್ರೆ ನಿಮಗೆ ವಿಷ ಏರೋದಿಲ್ಲ ಅಂತ ದಾಖಲೆ ಆಗಿಹೋಯ್ತು. ದಾಖಲೆ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೂತವರು ನೀವು. ದಾಖಲೆ ದೊಡ್ಡದೋ ಮನುಷ್ಯ ದೊಡ್ಡೋನೋ, ನೀವೇ ಹೇಳಿ.”

ಮರುದಿನ ಬೆಳಿಗ್ಗೆ ವಿಷಪ್ಪ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಗ, ಅತ್ತೆ ಫ್ರಿಜ್ಜು ತೆಗೆದು ಆ ಪುಟ್ಟ ಬಾಟಲಿಯನ್ನು ತಂದು ಅವನ ಅಂಗಿಯ ಜೇಬಿಗೆ ಹಾಕಿದರು.

“ಹೋಗೋಕೆ ಮುಂಚೆ ಕಣ್ಣಿಗೆ ಎರಡೆರಡು ಹನಿ ಹಾಕ್ಕೊಳ್ಳಿ ಅಳಿಯಂದ್ರೇ,” ಎಂದರು. “ಹಾವು ಬರೋದಾದ್ರೂ ಚೆನ್ನಾಗಿ ಕಾಣಿಸುತ್ತೆ.”